ಮೂರು ಬಾಟಲಿ ಕೆರೆನೀರು

ಬೆಂಗಳೂರಿನ ಬಸವೇಶ್ವರನಗರದ ಹಲವು ಬೀದಿಗಳಿರುವುದು ಕುರುಬರಹಳ್ಳಿ ಕೆರೆಯಂಗಳದಲ್ಲಿ. ಇಲ್ಲಿಯವರು ನೀರು ತುಂಬಿದ ಕೆರೆ ನೋಡಬೇಕೆಂದರೆ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಗೋ ಮಲ್ಲತ್ತಹಳ್ಳಿಗೋ ಹೋಗಬೇಕು. ಏರಿಯ ಮೇಲೆ ನಡೆಯುವಾಗ ಕಾಣುವುದು ನೀರಿನ ಮೈಬಣ್ಣ ಮಾತ್ರ. ಒಳಗಿನ ಪಾಚಿ ಹಗಲಿಡೀ ಎಷ್ಟು ದುಡಿಯಿತು, ಎಷ್ಟು ಉಂಡಿತು ಎಂಬ ಲೆಕ್ಕವನ್ನು ಮೂರೇ ಬಾಟಲಿಗಳಲ್ಲಿ ಹಿಡಿದುಕೊಡುವ ಪ್ರಯೋಗವೊಂದಿದೆ. ಕೆರೆಯನ್ನು ಅರಿಯುವ ದಾರಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದು.

ನಾರ್ವೆಯ ಗಾರ್ಡರ್ ಮತ್ತು ಗ್ರಾನ್ 1927ರಲ್ಲಿ ಪ್ರಕಟಿಸಿದ ವಿಧಾನ. ಒಂದೇ ಆಳದ ನೀರನ್ನು ಗುಳ್ಳೆ ಸೇರದಂತೆ ಮೂರಕ್ಕೂ ತುಂಬುತ್ತಾರೆ. ಆರಂಭದ ಆಮ್ಲಜನಕ ಎಷ್ಟೆಂದು ತಿಳಿಯಲು ಒಂದನ್ನು ಆಗಲೇ ಪರೀಕ್ಷಿಸುತ್ತಾರೆ. ಉಳಿದೆರಡರಲ್ಲಿ ಒಂದು ತಿಳಿಗಾಜಿನದು, ಇನ್ನೊಂದಕ್ಕೆ ಬೆಳಕು ತಾಗದಂತೆ ಕಪ್ಪು ಹೊದಿಕೆ. ಎರಡನ್ನೂ ಹಗ್ಗಕ್ಕೆ ಕಟ್ಟಿ ಅದೇ ಆಳಕ್ಕೆ ಇಳಿಬಿಡುತ್ತಾರೆ. ಬೆಳಕಿನ ಬಾಟಲಿಯಲ್ಲಿ ಪಾಚಿ ಆಮ್ಲಜನಕ ತಯಾರಿಸುತ್ತದೆ, ಉಸಿರಾಡುತ್ತಲೂ ಇರುತ್ತದೆ. ಕತ್ತಲೆಯದರಲ್ಲಿ ಬರೀ ಉಸಿರಾಟ. ಕೊನೆಗೆ ಎರಡರಲ್ಲಿರುವ ಆಮ್ಲಜನಕದ ವ್ಯತ್ಯಾಸವೇ ಒಟ್ಟು ಉತ್ಪಾದನೆ.

ಸೊಗಸೆಲ್ಲ ಇರುವುದು ಆಮ್ಲಜನಕ ಅಳೆಯುವಾಗ. ಹಂಗೇರಿಯ ವಿಂಕ್ಲರ್ 1888ರಲ್ಲಿ ಕೊಟ್ಟ ಕ್ರಮ. ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೊಡೈಡ್ ಬಿಟ್ಟೊಡನೆ ನೀರಿನಲ್ಲಿ ಕಂದು ಮೋಡ ಕವಿಯುತ್ತದೆ. ಆಮ್ಲಜನಕ ಹೆಚ್ಚಿದ್ದಷ್ಟೂ ಕಂದು ಗಾಢ, ಇಲ್ಲವೇ ಇಲ್ಲವೆಂದರೆ ಬರೀ ಬಿಳಿ. ಗಂಧಕಾಮ್ಲ ಬೀಳುತ್ತಲೇ ಗಷ್ಟು ಕರಗಿ ಹೊಂಬಣ್ಣ. ಬ್ಯುರೆಟ್‌ನಿಂದ ಥಯೋಸಲ್ಫೇಟ್ ಇಳಿದಂತೆ ಅದು ತೆಳುಹಳದಿಗೆ ತಿರುಗುತ್ತದೆ. ಆಗ ಪಿಷ್ಟದ ದ್ರಾವಣ ಹಾಕಬೇಕು: ಇಡೀ ಫ್ಲಾಸ್ಕ್ ಕಡುನೀಲಿ! ಇನ್ನು ಅವಸರ ಕೂಡದು. ಒಂದು ಹನಿ, ಕುಲುಕು, ಇನ್ನೊಂದು ಹನಿ. ಯಾವುದೋ ಒಂದು ಹನಿಗೆ ನೀಲಿ ಪೂರ್ತಿ ಮಾಯ. 200 ಮಿಲಿಲೀಟರ್ ನೀರಿಗೆ 0.025 ನಾರ್ಮಲ್ ದ್ರಾವಣ ಎಷ್ಟು ಮಿಲಿಲೀಟರ್ ಖರ್ಚಾಯಿತೋ, ಲೀಟರಿಗೆ ಅಷ್ಟೇ ಮಿಲಿಗ್ರಾಂ ಆಮ್ಲಜನಕ. ಈಗ ಅದ್ದಿದೊಡನೆ ಅಂಕಿ ತೋರುವ ಮೀಟರುಗಳಿವೆ, ಕೆಲಸವೂ ಸಲೀಸು. ಆದರೂ ವಿಜ್ಞಾನ ಓದುವ ಮಕ್ಕಳು ಒಮ್ಮೆಯಾದರೂ ಈ ನೀಲಿಯನ್ನು ಕಣ್ಣಾರೆ ನೋಡಲೇಬೇಕು.

ಹಸಿರುಗಟ್ಟಿದ ಕೆರೆಯ ಸಂಕಟವೂ ಈ ಲೆಕ್ಕದಲ್ಲೇ ಅರ್ಥವಾಗುತ್ತದೆ. ಚರಂಡಿ ನೀರು ತಂದ ರಂಜಕ, ಸಾರಜನಕ ಉಂಡು ಪಾಚಿ ಮಿತಿಮೀರುತ್ತದೆ. ಮಧ್ಯಾಹ್ನ ಮೇಲುನೀರಿನಲ್ಲಿ ಆಮ್ಲಜನಕ ಬೇಕಾದಷ್ಟು. ರಾತ್ರಿ ಇಡೀ ಕೆರೆಯೇ ಕತ್ತಲೆಯ ಬಾಟಲಿ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದಾಗಲೂ ಕೇಳಿಬಂದ ಕಾರಣ ಆಮ್ಲಜನಕದ ಕೊರತೆಯೇ.

ರಾಸಾಯನಿಕಗಳ ಅನುಕೂಲ ಇಲ್ಲದವರಿಗೆ ಸೆಕ್ಕಿ ತಟ್ಟೆ ಇದೆ: 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳಿ ತಟ್ಟೆ, ಗುರುತು ಹಾಕಿದ ಹಗ್ಗ. ಕಾರ್ಲ್‌ಸನ್ 1977ರಲ್ಲಿ ರೂಪಿಸಿದ ಸೂಚ್ಯಂಕದಂತೆ, ತಟ್ಟೆ ಎರಡು ಮೀಟರಿನಲ್ಲಿ ಮರೆಯಾದರೆ 50, ಒಂದರಲ್ಲಿ 60, ಅರ್ಧ ಮೀಟರಿಗೇ ಮರೆಯಾದರೆ 70. ಅಂಕಿ ಏರಿದಷ್ಟೂ ನೀರಿನಲ್ಲಿ ಪಾಚಿ ಹೆಚ್ಚು. ದೋಣಿಯೊಂದು ಸಿಕ್ಕರೆ ಹೈಸ್ಕೂಲು ಮಕ್ಕಳೂ ಇದನ್ನು ಅಳೆದು ಬರೆದಿಡಬಹುದು.