ಕೊಡುವುದಷ್ಟೇ ಗೊತ್ತಿರುವ ಪ್ರೋಗ್ರಾಮು

ವಿಟಿಯು 2022ರ ಸ್ಕೀಮಿನ ಆಪರೇಟಿಂಗ್ ಸಿಸ್ಟಮ್ಸ್ ಲ್ಯಾಬಿನಲ್ಲಿ ಒಂದು ಪ್ರೋಗ್ರಾಮಿದೆ: ಫಸ್ಟ್ ಫಿಟ್ (ಸಾಲುವ ಮೊದಲ ಜಾಗ), ಬೆಸ್ಟ್ ಫಿಟ್ (ಸಾಲುವ ಅತಿ ಚಿಕ್ಕ ಜಾಗ), ವರ್ಸ್ಟ್ ಫಿಟ್ (ಅತಿ ದೊಡ್ಡ ಜಾಗ) ವಿಧಾನಗಳಲ್ಲಿ ಮೆಮೊರಿ ಹಂಚುವುದನ್ನು ಸಿ ಭಾಷೆಯಲ್ಲಿ ಬರೆದು ತೋರಿಸಬೇಕು. ದೇವದುರ್ಗ, ಮಾನ್ವಿಯಿಂದ ರಾಯಚೂರಿಗೆ ಬಂದು ಎಂಜಿನಿಯರಿಂಗ್ ಓದುವ ಮಕ್ಕಳು ಮೆಮೊರಿ ಹಂಚಿಕೆಗೆ ಮೊದಲು ಕೈಹಾಕುವುದು ಇಲ್ಲೇ.

ಲೆಕ್ಕ ಎಲ್ಲರಿಗೂ ಬಾಯಿಪಾಠ. 100, 500, 200, 300, 600 ಕೆಬಿಯ ಜಾಗಗಳು. 212, 417, 112, 426 ಕೆಬಿಯ ಪ್ರೊಸೆಸ್‌ಗಳು. ಫಸ್ಟ್ ಫಿಟ್ಟಿನಲ್ಲೂ ವರ್ಸ್ಟ್ ಫಿಟ್ಟಿನಲ್ಲೂ 426ಕ್ಕೆ ಜಾಗ ಸಿಗದು; ಬೆಸ್ಟ್ ಫಿಟ್ಟಿನಲ್ಲಿ ನಾಲ್ಕೂ ಕೂರುತ್ತವೆ. ಬೆಸ್ಟ್ ಫಿಟ್ಟೇ ಶ್ರೇಷ್ಠ ಎಂದುಕೊಂಡು ಹುಡುಗರು ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅಂಕಿಗಳನ್ನು ಬೇರೆ ಇಟ್ಟರೆ ಫಲಿತಾಂಶವೂ ಬೇರೆಯಾದೀತು. ಆದರೆ ನನ್ನ ತಕರಾರು ಅದಲ್ಲ. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ದಾಟುತ್ತಾ ಬರುವ ಈ ಪ್ರೋಗ್ರಾಮು ಜಾಗ ಕೊಡುತ್ತದೆ, ವಾಪಸ್ ಪಡೆಯುವುದೇ ಇಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನ ನಿಜವಾದ ತಲೆನೋವು ಶುರುವಾಗುವುದೇ ವಾಪಸ್ ಬಂದ ಜಾಗದಿಂದ.

ಅದೇ ಲ್ಯಾಬಿನ ಲಿನಕ್ಸ್ ಮಾಡುವುದು ಬೇರೆ. ಕೆನೆತ್ ನೋಲ್ಟನ್ 1965ರಲ್ಲಿ ಪ್ರಕಟಿಸಿದ ಬಡ್ಡಿ (buddy, ಅಂದರೆ ಜೋಡಿ) ಪದ್ಧತಿ ಅದರ ಆಧಾರ. ಮೆಮೊರಿಯನ್ನು ಸಾಮಾನ್ಯವಾಗಿ 4 ಕೆಬಿಯ ಪುಟಗಳಾಗಿ ಎಣಿಸಿ, 1, 2, 4, 8 ಹೀಗೆ 1024 ಪುಟಗಳವರೆಗಿನ ಗುಂಪುಗಳಲ್ಲಿ ಇಡುತ್ತದೆ. ಚಿಕ್ಕದು ಬೇಕಾದಾಗ ದೊಡ್ಡದನ್ನು ಸರಿಯಾಗಿ ಅರ್ಧ ಮಾಡುತ್ತದೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹೊಲದ ನಡುವೆ ಬದು ಬಿದ್ದರೆ ಅದು ಮತ್ತೆ ಒಂದಾಗುವುದು ಅಪರೂಪ. ಇಲ್ಲಿ ಎರಡೂ ಪಾಲು ಖಾಲಿಯಾದ ಕೂಡಲೇ ಬದು ಅಳಿಯುತ್ತದೆ. ಜೋಡಿ ಯಾವುದೆಂದು ಹುಡುಕಬೇಕಿಲ್ಲ, ಪುಟದ ಸಂಖ್ಯೆಯಲ್ಲಿ ಒಂದು ಬಿಟ್ ತಿರುಗಿಸಿದರೆ ಸಾಕು. ಈ ಜಾಣತನಕ್ಕೆ ಬೆಲೆಯೂ ಇದೆ: 9 ಪುಟದ ಕೋರಿಕೆಗೆ 16 ಪುಟದ ಗುಂಪೇ ಬೇಕು. ಪುಟಕ್ಕಿಂತ ಸಣ್ಣ ಕೋರಿಕೆಗಳಿಗೆ ಮೇಲೊಂದು ಸ್ಲ್ಯಾಬ್ ಪದರವೂ ಬೇಕು.

ಲಿನಕ್ಸಿನ ಪ್ರಾಕ್ (/proc) ಡೈರೆಕ್ಟರಿಯ ಬಡ್ಡಿಇನ್ಫೋ ಫೈಲು ತೆರೆದರೆ, ಒಂದೊಂದು ಅಳತೆಯ ಖಾಲಿ ಗುಂಪುಗಳ ಎಣಿಕೆ ತೋರುವ ಸಾಮಾನ್ಯವಾಗಿ ಹನ್ನೊಂದು ಅಂಕಣಗಳು ಕಾಣುತ್ತವೆ. ಈಗಷ್ಟೇ ಆನ್ ಮಾಡಿದ ಯಂತ್ರದಲ್ಲಿ ಬಲತುದಿಯ ದೊಡ್ಡ ಗುಂಪುಗಳು ಹೇರಳ. ದಿನಗಟ್ಟಲೆ ಓಡಿದ ಯಂತ್ರದಲ್ಲಿ ಅವು ಕರಗಿ, ಎಡಗಡೆ ಚೂರುಗಳು ತುಂಬಿರುವುದು ಮಾಮೂಲು. ಫ್ರ್ಯಾಗ್ಮೆಂಟೇಶನ್ ಎಂದು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುವ ಸಂಗತಿ ಅಲ್ಲಿ ಕಣ್ಣೆದುರೇ ನಡೆಯುತ್ತಿರುತ್ತದೆ. ಇದನ್ನು ಸರಿಪಡಿಸಲೆಂದೇ 2010ರಲ್ಲಿ ಚದುರಿದ ಪುಟಗಳನ್ನು ಸರಿಸಿ ಖಾಲಿ ಜಾಗ ಒಟ್ಟುಗೂಡಿಸುವ ಮೆಲ್ ಗೋರ್ಮನ್ ಅವರ ಕಾಂಪ್ಯಾಕ್ಷನ್ ಕರ್ನಲ್ಲಿಗೆ ಸೇರಿತು.

ಫಸ್ಟ್ ಫಿಟ್ ಕಲಿಸಲೇಬಾರದು ಎನ್ನುತ್ತಿಲ್ಲ. ಅದನ್ನು ನೆಚ್ಚಿದ್ದ ಸ್ಲಾಬ್ (SLOB) ಎಂಬ ಪುಟ್ಟ ಹಂಚಿಕೆದಾರ ಲಿನಕ್ಸಿನಲ್ಲಿ 2023ರವರೆಗೂ ಇತ್ತು. ಆದರೆ ಪುಟಗಳ ಪದ್ಧತಿಗೂ ಹಿಂದಿನ ಯಂತ್ರಗಳ ಪಾಠವನ್ನೇ ಮೆಮೊರಿ ಹಂಚಿಕೆಯ ಬಗ್ಗೆ ಲ್ಯಾಬಿನ ಕೊನೆಯ ಮಾತಾಗಿಸಿದ್ದು ತಪ್ಪು.

ರಾಯಚೂರಿನ ಲ್ಯಾಬ್ ನೋಡಿಕೊಳ್ಳುವ ಅಧ್ಯಾಪಕರಲ್ಲಿ ಒಂದು ವಿನಂತಿ: ಮುಂದಿನ ಬ್ಯಾಚಿಗೆ ಈ ಪ್ರೋಗ್ರಾಮಿನಲ್ಲಿ ಜಾಗ ಬಿಡಿಸುವ ಒಂದು ಫಂಕ್ಷನ್ನನ್ನೂ ಬರೆಸಿ, ಆಮೇಲೆ ಬಡ್ಡಿಇನ್ಫೋ ತೆರೆಸಿ. ಅದಕ್ಕೆ ವಿಶ್ವವಿದ್ಯಾಲಯದ ಸುತ್ತೋಲೆ ಬೇಕಿಲ್ಲ, ರೂಟ್ ಪಾಸ್‌ವರ್ಡೂ ಬೇಕಿಲ್ಲ.