ಅಜ್ಜಿಯ ಮುಖ, ತಾಮ್ರದ ಹಂಡೆ

1994ರ ಜೂನ್ 27ರ ಸಂಚಿಕೆಗೆ ಅಮೆರಿಕದ ಎರಡು ದೊಡ್ಡ ವಾರಪತ್ರಿಕೆಗಳು ಒಂದೇ ಫೋಟೋವನ್ನು ಮುಖಪುಟಕ್ಕೆ ಆರಿಸಿಕೊಂಡವು. ಕೊಲೆ ಆರೋಪದ ಮೇಲೆ ಬಂಧನವಾದ ಫುಟ್‌ಬಾಲ್ ತಾರೆ ಒ. ಜೆ. ಸಿಂಪ್ಸನ್ ಅವರದು, ಪೊಲೀಸರು ತೆಗೆದದ್ದು. ‘ನ್ಯೂಸ್‌ವೀಕ್’ ಅದನ್ನು ಹೆಚ್ಚುಕಡಿಮೆ ಇದ್ದ ಹಾಗೇ ಅಚ್ಚು ಹಾಕಿತು. ‘ಟೈಮ್’ ಮಾತ್ರ ಮ್ಯಾಟ್ ಮಹುರಿನ್ ಎಂಬ ಕಲಾವಿದರಿಗೆ ಕೊಟ್ಟಿತು. ಅವರ ಕೈಯಿಂದ ಬಂದಾಗ ಮುಖ ಇನ್ನಷ್ಟು ಕಪ್ಪಾಗಿತ್ತು, ಅಂಚಿನಲ್ಲಿ ನೆರಳು ಕವಿದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ವಿಚಾರಣೆ ಶುರುವಾಗುವ ಮೊದಲೇ ಒಂದು ಮುಖಪುಟ ತೀರ್ಪು ಕೊಟ್ಟುಬಿಟ್ಟಂತಿದೆ. ಜನ ಸಿಟ್ಟಾದರು. ‘ಟೈಮ್’ ಸಂಪಾದಕರು ಮುಂದಿನ ಸಂಚಿಕೆಯಲ್ಲಿ ಸಮಜಾಯಿಷಿ ಬರೆಯಬೇಕಾಯಿತು.

ಕಾಂಟ್ರಾಸ್ಟು, ಟೋನು ಎಲ್ಲ ಅವರವರ ಅಭಿರುಚಿಗೆ ಬಿಟ್ಟದ್ದು ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಈ ಎರಡು ಮುಖಪುಟಗಳು ನೆನಪಾಗುತ್ತವೆ.

ಹಾಗಂತ ಕಪ್ಪು ಮಾಡುವುದೇ ತಪ್ಪು ಎನ್ನಲಾಗದು. ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಎಂಬ ಊರಿನ ಚಂದ್ರೋದಯವನ್ನು ತೆಗೆದರು. ಸ್ಮಶಾನದ ಶಿಲುಬೆಗಳ ಮೇಲಿಂದ ಬಿಸಿಲು ಸರಿಯುತ್ತಿತ್ತು, ಬೆಳಕು ಅಳೆಯುವ ಮೀಟರು ಕೈಗೆ ಸಿಗಲಿಲ್ಲ. ಚಂದ್ರನ ಪ್ರಖರತೆ ಎಷ್ಟೆಂಬುದು ಬಾಯಿಪಾಠವಾಗಿದ್ದರಿಂದ ಆ ಲೆಕ್ಕದ ಮೇಲೆಯೇ ಕ್ಲಿಕ್ಕಿಸಿದರು. ನೆಗೆಟಿವ್‌ನ ಕೆಳಭಾಗ ತೆಳುವಾಗಿತ್ತು. 1948ರಲ್ಲಿ ರಾಸಾಯನಿಕ ಹಾಕಿ ಅದನ್ನು ಗಟ್ಟಿ ಮಾಡಿದರು. ಆಮೇಲೆ ದಶಕಗಳ ಕಾಲ ಅದೇ ನೆಗೆಟಿವ್‌ನಿಂದ ಸಾವಿರಕ್ಕೂ ಹೆಚ್ಚು ಪ್ರಿಂಟು ತೆಗೆದರು. ಮೊದಮೊದಲ ಪ್ರಿಂಟುಗಳಲ್ಲಿ ಆಕಾಶ ಬೂದು, ಮೋಡದ ಎಳೆಗಳು ಕಾಣುತ್ತವೆ. ಬರಬರುತ್ತ ಆಕಾಶ ಹೆಚ್ಚುಕಡಿಮೆ ಕಾಡಿಗೆಯಂತಾಯಿತು.

ಪಿಯಾನೋ ಕಲಿತಿದ್ದ ಆಡಮ್ಸ್‌ಗೆ ನೆಗೆಟಿವ್ ಸ್ವರಲಿಪಿ, ಪ್ರಿಂಟು ಕಛೇರಿ. ನಮಗೆ ಇದು ಗಮಕದಿಂದ ಬೇಗ ತಿಳಿಯುತ್ತದೆ. ಕುಮಾರವ್ಯಾಸನ ಷಟ್ಪದಿ ಅದೇ. ಗಮಕಿ ರಾಗ ಬದಲಿಸಿದರೆ ದ್ರೌಪದಿಯ ಅಳಲು ಸಿಟ್ಟಾಗಿ ಕೇಳುತ್ತದೆ. ಅಕ್ಷರ ಒಂದೂ ಬದಲಾಗಿರುವುದಿಲ್ಲ.

ನನಗೆ ಹಳೆಯ ಪ್ರಿಂಟುಗಳೇ ಇಷ್ಟ. ಆ ಮೋಡಗಳಿರುವಾಗ ಅದು ಒಂದು ಸಂಜೆ. ಅವು ಹೋದಮೇಲೆ ನಾಟಕದ ಪರದೆ. ಆದರೂ ಆಡಮ್ಸ್ ಮೇಲೆ ದೂರು ಹೇಳಲು ಮನಸ್ಸಾಗುವುದಿಲ್ಲ. ಅವರ ಕಪ್ಪು ಶಿಲುಬೆಗಳ ಮೇಲೆ ನಿಜಕ್ಕೂ ಇದ್ದ ಬೆಳಕನ್ನು ಎತ್ತಿ ಹಿಡಿಯುತ್ತದೆ. ‘ಟೈಮ್’ ಕಪ್ಪು ಎತ್ತಿ ಹಿಡಿದದ್ದು ನೋಡುವವರ ತಲೆಯಲ್ಲಿ ಮೊದಲೇ ಇದ್ದ ಗುಮಾನಿಯನ್ನು.

ನಮ್ಮಲ್ಲಿ ಸ್ಲೈಡರ್ ಇನ್ನೊಂದು ದಿಕ್ಕಿಗೆ ಓಡುತ್ತದೆ. ಲೈಟ್‌ರೂಮ್ ಬಳಸುವವರಿಗೆ ಗೊತ್ತು: ಅದರಲ್ಲಿ ಒಂದೊಂದು ಬಣ್ಣದ ಹೊಳಪನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸಬಹುದು. ಗೋಧಿಬಣ್ಣವಿರಲಿ, ಎಣ್ಣೆಗಪ್ಪಿರಲಿ, ನಮ್ಮ ಚರ್ಮ ಹೆಚ್ಚಾಗಿ ಬರುವುದು ಕಿತ್ತಳೆಯ ಲೆಕ್ಕಕ್ಕೆ. ಕಿತ್ತಳೆಯ ಹೊಳಪನ್ನು ಏರಿಸಿದರೆ ಮದುಮಗಳು ಮೂರು ಸೆಕೆಂಡಿನಲ್ಲಿ ಬೆಳ್ಳಗಾಗುತ್ತಾಳೆ. ಆದರೆ ಕಿತ್ತಳೆ ಮುಖದಲ್ಲಷ್ಟೇ ಇಲ್ಲವಲ್ಲ. ಮಣ್ಣಿನ ಗೋಡೆ, ಹೆಂಚು, ತಾಮ್ರ, ಬೆಂಕಿ ಎಲ್ಲವೂ ಜೊತೆಗೇ ಪೇಲವವಾಗುತ್ತವೆ.

ನನ್ನ ಅಜ್ಜಿ ತೀರಿಕೊಂಡಾಗ ನಮ್ಮ ಬಳಿ ಇದ್ದ ಒಳ್ಳೆಯ ಫೋಟೋ ಒಂದೇ. ಬಚ್ಚಲೊಲೆ ಮುಂದೆ ಕೂತು ತೆಂಗಿನ ಮಟ್ಟೆ ಒಟ್ಟುತ್ತಿದ್ದದ್ದು. ಒಂದು ಕೆನ್ನೆಗೆ ಬೆಂಕಿಯ ಕೆಂಪು, ಇನ್ನೊಂದಕ್ಕೆ ಗವಾಕ್ಷಿಯ ನೀಲಿ ಬೆಳಕು. ಸ್ಟುಡಿಯೋದಿಂದ ಕಟ್ಟು ಹಾಕಿಸಿಕೊಂಡು ಬಂದೆವು. ಅಮ್ಮ ತುಂಬ ಹೊತ್ತು ನೋಡಿ, “ಯಾರೋ ನಮ್ಮವ್ವನ ಸೀರೆ ಉಟ್ಕಂಡಂಗೈತೆ” ಅಂದಳು. ನಾನು ಹಿಂದಿದ್ದ ಹಂಡೆ ನೋಡಿದೆ. ತಾಮ್ರ ಹೋಗಿ ಅಲ್ಯೂಮಿನಿಯಂ ಆಗಿತ್ತು.

ಮೂಲ ಫೈಲು ತಂದು ನಾನೇ ಕೂತೆ. ಮೊದಲ ಯತ್ನ ಇನ್ನೂ ಕೆಟ್ಟದ್ದು. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ, ಸುಕ್ಕುಗಳನ್ನು ಕೆತ್ತಿದಂತೆ ಮಾಡಿದೆ. ಸ್ಪರ್ಧೆಗಳಲ್ಲಿ ಬಹುಮಾನ ಬರುತ್ತದಲ್ಲ, ಆ ಥರದ ‘ಹಳ್ಳಿ ಮುದುಕಿ’ ತಯಾರಾದಳು. ನನಗೇ ಒಂದು ದಿನ ಖುಷಿಯಾಗಿತ್ತು, ಸುಳ್ಳೇಕೆ. ಸ್ಟುಡಿಯೋದವರು ಅಜ್ಜಿಯನ್ನು ಬೆಳ್ಳಗೆ ಮಾಡಿದ್ದರೆ ನಾನು ಬಡವಿಯನ್ನಾಗಿ ಮಾಡಿದ್ದೆ. ಅವಳಿಗೆ ಎರಡು ಎಕರೆ ತೋಟವಿತ್ತು, ಬಾಯಿ ಜೋರಿತ್ತು. ಬಣ್ಣವೇ ಬಾಲಿಶ, ಕಪ್ಪು ಬಿಳುಪೇ ಗಂಭೀರ ಎಂಬ ನಂಬಿಕೆಯನ್ನು ರಘುಬೀರ್ ಸಿಂಗ್ ಜೀವನವಿಡೀ ಬಣ್ಣದ ಫಿಲ್ಮಿನಲ್ಲೇ ಭಾರತವನ್ನು ತೆಗೆದು ಎದುರಿಸಿದ್ದರು. ಅದನ್ನು ಓದಿ ತಲೆಯಾಡಿಸಿದ್ದವನು ನಾನೇ.

ಮತ್ತೆ ಮೊದಲಿನಿಂದ ಶುರುಮಾಡಿದೆ. ವೈಟ್ ಬ್ಯಾಲೆನ್ಸನ್ನು ‘ಸರಿ’ ಮಾಡಲಿಲ್ಲ. ಬೆಂಕಿಗೆ ಸರಿಮಾಡಿದರೆ ಬೆಂಕಿಯೇ ಬಿಳಿಯಾಗುತ್ತದೆ, ಗವಾಕ್ಷಿ ಇನ್ನೂ ನೀಲಿಯಾಗುತ್ತದೆ. ಒಟ್ಟು ಕಾಂಟ್ರಾಸ್ಟ್ ತುಸು ಇಳಿಸಿ, ನೆರಳಿನ ಕಡೆಯ ಕಣ್ಣು ಕಾಣುವಷ್ಟು ಮಾತ್ರ ಕತ್ತಲೆ ಎತ್ತಿದೆ. ಕಿತ್ತಳೆ ಮುಟ್ಟಲಿಲ್ಲ. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಹಾಗಾಗಿ ಪ್ರಿಂಟಿಗೆಂದು ಒಟ್ಟು ಬೆಳಕನ್ನು ಒಂದು ಚೂರು ಏರಿಸಿದೆ. ಹೋಲಿಸಿ ನೋಡಲು ನನಗಿದ್ದ ಅಳತೆಗೋಲು ಒಂದೇ: ಹಂಡೆ ತಾಮ್ರದ್ದಾಗಿ ಕಾಣಬೇಕು. ಹಂಡೆ ಇನ್ನೂ ಬಚ್ಚಲಲ್ಲೇ ಇತ್ತು, ಎದ್ದು ಹೋಗಿ ನೋಡಿ ಬರುತ್ತಿದ್ದೆ.

ಪ್ರಿಂಟು ಹಾಕಿಸಲು ಬೇರೆ ಅಂಗಡಿಗೆ ಹೋದೆ. ಹುಡುಗ ಫೈಲು ತೆರೆದು, “ಫೇಸು ಸ್ವಲ್ಪ ಡಲ್ ಇದೆ, ಬ್ರೈಟ್ ಮಾಡ್ಲಾ ಸಾರ್?” ಎಂದು ಕೇಳಿದ. ಬೇಡಪ್ಪ ಅಂದೆ.

ಈಗ ಗೋಡೆಯ ಮೇಲಿರುವುದು ಅದೇ. ಬೆಳ್ಳನೆಯ ಅಜ್ಜಿ ಬೀರುವಿನ ಮೇಲಿದ್ದಾಳೆ. ಹನ್ನೊಂದು ದಿನ ಅದಕ್ಕೇ ಹೂವು ಹಾಕಿ, ಕುಂಕುಮ ಇಟ್ಟಿದ್ದಾಗಿತ್ತಲ್ಲ, ಎಸೆಯಲು ಅಮ್ಮನಿಗೆ ಮನಸ್ಸು ಬಂದಿಲ್ಲ.