ಸಾರ ಬೇರೆ, ಸಾರು ಬೇರೆ

ಭಾನುವಾರದ ಪುರವಣಿಗಳ ಆರೋಗ್ಯ ಅಂಕಣದಲ್ಲಿ, ನಮ್ಮ ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪುಗಳಲ್ಲಿ, ಒಂದು ಬರಹ ವರ್ಷಕ್ಕೆರಡು ಸಲವಾದರೂ ಸುತ್ತು ಹೊಡೆಯುತ್ತೆ. ಕುಂಬಳಕಾಯಿ ಸಕ್ಕರೆ ಕಾಯಿಲೆಗೆ ರಾಮಬಾಣ, ಕೊಲೆಸ್ಟ್ರಾಲಿಗೂ ಅದೇ ಮದ್ದು, ವಿಜ್ಞಾನಿಗಳೇ ಹೇಳಿದ್ದಾರೆ ಅಂತ. ನೀವೂ ಓದಿರ್ತೀರಿ. ಯಾವ ವಿಜ್ಞಾನಿ, ಯಾವ ಕುಂಬಳಕಾಯಿ, ಯಾರ ಮೇಲೆ ಪ್ರಯೋಗ ಅನ್ನೋದು ಮಾತ್ರ ಅದರಲ್ಲಿ ಇರೋದಿಲ್ಲ.

ಹಸಿ ಸುಳ್ಳಾಗಿದ್ದರೆ ತಳ್ಳಿಹಾಕೋದು ಸುಲಭವಿತ್ತು. ಆದರೆ ಇವು ಒಂದು ನಿಜವನ್ನೇ ಎತ್ತಿಕೊಂಡು, ದಾರಿಯಲ್ಲಿ ಒಂದೊಂದೇ ಸಾಮಾನು ಬದಲಾಯಿಸುತ್ತಾ, ಕೊನೆಗೆ ನಮ್ಮ ಅಡುಗೆಮನೆಗೆ ತಂದು ಇಳಿಸುತ್ತವೆ. ದಾರಿಯಲ್ಲಿ ಏನೇನು ಬದಲಾಯ್ತು ಅಂತ ಒಂದು ಸಲ ಲೆಕ್ಕ ಹಾಕೋಣ.

2007ರಲ್ಲಿ ಬಹಳ ಸುದ್ದಿಯಾದ ಪ್ರಯೋಗ ಒಂದಿದೆ. ಶಾಂಘೈನ ಈಸ್ಟ್ ಚೈನಾ ನಾರ್ಮಲ್ ಯೂನಿವರ್ಸಿಟಿಯ ಟಾವೊ ಶಿಯಾ ಮತ್ತು ಚಿನ್ ವಾಂಗ್, ಮಧುಮೇಹ ಬರಿಸಿದ ಇಲಿಗಳಿಗೆ 30 ದಿನ ಕುಂಬಳದ ಸಾರ ಕೊಟ್ಟರು. ತಿಂಗಳ ಕೊನೆಗೆ ಆ ಇಲಿಗಳ ರಕ್ತದ ಇನ್ಸುಲಿನ್ ಆರೋಗ್ಯವಂತ ಇಲಿಗಳಿಗಿಂತ ಶೇ 5ರಷ್ಟು ಮಾತ್ರ ಕಡಿಮೆ ಇತ್ತು. ಇನ್ಸುಲಿನ್ ಇರುವ ಜೀವಕೋಶಗಳು ಶೇ 8ರಷ್ಟು ಮಾತ್ರ ಕಡಿಮೆ. ಒಳ್ಳೆಯ ಫಲಿತಾಂಶವೇ, ಅನುಮಾನವಿಲ್ಲ.

ಇಲ್ಲಿಂದ ಹೊರಟ ಮೇಲೆ ಮೊದಲು ಬದಲಾಗಿದ್ದು ಕಾಯಿ. ಅವರು ಬಳಸಿದ್ದು ಕುಕುರ್ಬಿಟಾ ಫಿಸಿಫೋಲಿಯಾ ಅನ್ನೋ ಜಾತಿ. ಅಂಜೂರದಂಥ ಎಲೆ, ಬಿಳಿ ತಿರುಳು, ಹೆಚ್ಚಾಗಿ ಕಪ್ಪು ಬೀಜ. ಮೆಕ್ಸಿಕೋದಲ್ಲಿ ಅದರಿಂದ ಮಿಠಾಯಿ ಮಾಡ್ತಾರೆ. ನಮ್ಮ ಸಂತೆಯಲ್ಲಿ ಹೋಳು ಮಾಡಿ ಮಾರುವ ಹಳದಿ ತಿರುಳಿನ ಸಿಹಿಗುಂಬಳ, ಮಲೆನಾಡು ಕರಾವಳಿ ಕಡೆಯವರ ಚೀನಿಕಾಯಿ, ಅದರ ದಾಯಾದಿ ಅಷ್ಟೇ. ಕನ್ನಡಕ್ಕೆ ಬಂದಾಗ ಗೊಂದಲ ಇನ್ನೂ ಹೆಚ್ಚಾಯ್ತು. ನಮಗೆ ಬೂದಗುಂಬಳವೂ ಕುಂಬಳಕಾಯೇ ಅಲ್ವಾ? ಸಸ್ಯಶಾಸ್ತ್ರದಲ್ಲಿ ಅದು ಬೆನಿನ್‌ಕಾಸಾ ಅನ್ನೋ ಬೇರೆ ಕುಲ. ಶಾಂಘೈನ ಕಾಯಿಯ ಸುದ್ದಿ ಓದಿ, ಬೆಂಗಳೂರಿನ ಪಾರ್ಕಿನ ಗೇಟಿನಲ್ಲಿ ಬೂದಗುಂಬಳದ ಜ್ಯೂಸ್ ಕುಡಿಯುವವರು ಎಷ್ಟು ಜನವೋ!

ಎರಡನೆಯದು ಕಾಯಿಲೆ. ಆ ಇಲಿಗಳಿಗೆ ಸ್ಟ್ರೆಪ್ಟೋಜೋಟೋಸಿನ್ ಅನ್ನೋ ರಾಸಾಯನಿಕ ಕೊಟ್ಟು, ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ಹಾಳು ಮಾಡಿದ್ದರು. ಇದು ಟೈಪ್ 1 ಮಧುಮೇಹಕ್ಕೆ ಹತ್ತಿರದ ಸ್ಥಿತಿ. ಸಕ್ಕರೆ ಕಾಯಿಲೆ ಇರುವ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ಇರೋದು ಟೈಪ್ 2. ಅಲ್ಲಿ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಸರಿಯಾಗಿ ಕೇಳೋದಿಲ್ಲ. ನಮ್ಮ ಕೆಲಸದಲ್ಲಿ ಹೇಳೋದಾದರೆ, ಒಂದು ಮೆಷಿನ್‌ನಲ್ಲಿ ಟೆಸ್ಟ್ ಪಾಸಾದ ಕೋಡನ್ನು ಬೇರೆಯದೇ ಸಿಸ್ಟಮ್‌ಗೆ ಹಾಕಿ ಓಡುತ್ತೆ ಅಂತ ಗ್ರಾಹಕರಿಗೆ ಮೇಲ್ ಕಳಿಸಿದ ಹಾಗಾಯ್ತು. ಮನುಷ್ಯರ ಮೇಲೂ ಪ್ರಯೋಗ ಆಗಿದೆ. 2001ರಲ್ಲಿ ಮೆಕ್ಸಿಕೋದ ವೈದ್ಯರು ಇದೇ ಫಿಸಿಫೋಲಿಯಾದ ಹಸಿ ರಸವನ್ನು ಟೈಪ್ 2 ರೋಗಿಗಳಿಗೆ ಕೊಟ್ಟಾಗ ಸಕ್ಕರೆ ಇಳಿಯಿತು. ಆದರೆ ಅಲ್ಲಿದ್ದ ರೋಗಿಗಳು ಕೆಲವೇ ಮಂದಿ, ಅಳೆದು ನೋಡಿದ್ದು ಕೆಲವೇ ಗಂಟೆ. ಈ ಕಾಯಿಲೆಯೋ ಜೀವನಪೂರ್ತಿಯದ್ದು.

ಮೂರನೆಯದು ಪ್ರಮಾಣ. ಇದು ಎದ್ದು ಕಾಣೋದು ಕೊಲೆಸ್ಟ್ರಾಲಿನ ವಿಷಯದಲ್ಲಿ. ಕುಂಬಳದ ಬೀಜದಲ್ಲಿ ಫೈಟೋಸ್ಟೆರಾಲ್ ಇದೆ, ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೊಳ್ಳೋದನ್ನು ತಡೆಯುತ್ತೆ ಅನ್ನೋದು ನಿಜ. ದಿನಕ್ಕೆ 2 ಗ್ರಾಂ ಫೈಟೋಸ್ಟೆರಾಲ್ ತಗೊಂಡರೆ ಕೆಟ್ಟ ಕೊಲೆಸ್ಟ್ರಾಲ್ ಶೇ 8ರಿಂದ 10ರಷ್ಟು ಇಳಿಯುತ್ತೆ ಅನ್ನೋದೂ ನಿಜ. ಈಗ ಕ್ಯಾಲ್ಕುಲೇಟರ್ ತೆಗೀರಿ. 100 ಗ್ರಾಂ ಬೀಜದಲ್ಲಿ ಅದು ಇರೋದು ಸುಮಾರು 265 ಮಿಲಿಗ್ರಾಂ. ಅಂದರೆ 2 ಗ್ರಾಂಗೆ ಮುಕ್ಕಾಲು ಕಿಲೋ ಬೀಜ ಬೇಕು. ಅಷ್ಟರಲ್ಲಿ 4,000ಕ್ಕೂ ಹೆಚ್ಚು ಕ್ಯಾಲೊರಿ, ಹತ್ತಿರ ಹತ್ತಿರ ಎರಡು ದಿನದ ಊಟ! ಸಾರಕ್ಕೂ ಸಾರಿಗೂ ಇರೋ ದೂರ ಇದು. ಲ್ಯಾಬಿನಲ್ಲಿ ಬೇಕಾದ್ದನ್ನು ಹಿಂಡಿ, ತೂಗಿ ಕೊಡ್ತಾರೆ. ನಮ್ಮ ತಟ್ಟೆಯಲ್ಲಿ ನಾಲ್ಕು ಹೋಳು ತೇಲುತ್ತವೆ.

ಹಾಗಂತ ಕುಂಬಳಕಾಯಿ ಮೇಲೆ ನನಗೇನೂ ಸಿಟ್ಟಿಲ್ಲ. ತಿರುಳಿನಲ್ಲಿ ಶೇ 90ಕ್ಕೂ ಹೆಚ್ಚು ನೀರು, 100 ಗ್ರಾಂಗೆ ಆರೇಳು ಗ್ರಾಂ ಕಾರ್ಬೋಹೈಡ್ರೇಟ್. ಸಿಹಿ ಅಂತ ಹೆದರಬೇಕಾಗಿಲ್ಲ. ಪಲ್ಯಕ್ಕೆ, ಗೊಜ್ಜಿಗೆ ನಾವು ಹಾಕೋ ಬೆಲ್ಲದ ಅಚ್ಚಿಗೆ ಹೆದರಬೇಕು. ತರಕಾರಿಯಾಗಿ ಅದು ಒಳ್ಳೆಯದೇ. ಅಷ್ಟಕ್ಕೇ ನಿಲ್ಲಿಸಿದ್ದರೆ ಆ ಬರಹಗಳ ಬಗ್ಗೆ ನನಗೂ ತಕರಾರಿರಲಿಲ್ಲ.

ನಾಲ್ಕಕ್ಷರ ಓದಿದ ಕೂಡಲೇ ಹಿತ್ತಲ ಗಿಡ ಮದ್ದಲ್ಲ ಅಂತೀರಾ ಅಂತ ಯಾರಾದರೂ ಕೇಳಬಹುದು. ಕೇಳಲಿ. ಸಕ್ಕರೆ ಕಾಯಿಲೆಯವರು ನುಂಗುವ ಮೆಟ್‌ಫಾರ್ಮಿನ್ ಗುಳಿಗೆಯ ಮೂಲವೂ ಯುರೋಪಿನವರ ಹಿತ್ತಲ ಗಿಡವೇ. ಗಲೇಗಾ ಅಂತ ಅದರ ಹೆಸರು, ದನಕರುಗಳಿಗೆ ವಿಷ. ಅದರಲ್ಲಿರುವ ಅಂಶವನ್ನು ಹಿಡಿದು ಹೊರಟವರು 1922ರಲ್ಲಿ ಮೆಟ್‌ಫಾರ್ಮಿನ್ ತಯಾರಿಸಿದರು. ಅದನ್ನು ಮಧುಮೇಹಿಗಳಿಗೆ ಕೊಟ್ಟು ನೋಡಿದ ವರದಿಯನ್ನು ಫ್ರಾನ್ಸಿನ ವೈದ್ಯ ಜಾನ್ ಸ್ಟೆರ್ನ್ ಪ್ರಕಟಿಸಿದ್ದು 1957ರಲ್ಲಿ. ನಡುವೆ 35 ವರ್ಷ! ಗಿಡ ಗುಳಿಗೆಯಾಗೋದು ಹೀಗೆ. ಕುಂಬಳದ ಸಾರವೂ ಆ ದಾರಿಯಲ್ಲಿ ನಡೆಯಲಿ, ಯಾರು ಬೇಡ ಅಂತಾರೆ? ನಡೆಯೋ ಮುಂಚೆಯೇ ತಲುಪಿತು ಅಂತ ಬರೆಯೋದು ಬೇಡ.

ಯಾಕೆಂದರೆ ಇದನ್ನು ಓದುವವರು ನಮ್ಮೂರಿನಲ್ಲೂ ಇದ್ದಾರೆ. "ಮಗಾ, ಗುಳಿಗೆ ತಿಂದೂ ತಿಂದೂ ಕಿಡ್ನಿ ಹೋಗುತ್ತಂತೆ. ಈ ಜ್ಯೂಸೇ ಸಾಕಂತಲ್ಲ?" ಅಂತ ದೊಡ್ಡಮ್ಮ ಮೊನ್ನೆ ಫೋನಿನಲ್ಲಿ ಕೇಳಿದಳು. ಕಿಡ್ನಿ ಹಾಳು ಮಾಡೋದು ಹತೋಟಿಗೆ ಬಾರದ ಸಕ್ಕರೆ. ಗುಳಿಗೆ ಬಿಟ್ಟ ಮಾರನೇ ದಿನ ನೋವೇನೂ ಆಗೋದಿಲ್ಲ, ಜ್ಯೂಸೇ ಕೆಲಸ ಮಾಡ್ತಿದೆ ಅನ್ನಿಸುತ್ತೆ. ಕಣ್ಣು, ಕಿಡ್ನಿ, ಪಾದದ ನರ ಸದ್ದಿಲ್ಲದೆ ಸವೆಯುತ್ತಿರುತ್ತವೆ. ಹಾಗೆ ಬರೆದವರು ಆಗ ಬೇರೆ ಯಾವುದೋ ಕಾಯಿಯ ಮಹಿಮೆ ಬರೀತಿರ್ತಾರೆ.

ದೊಡ್ಡಮ್ಮನಿಗೆ ಇಷ್ಟು ಹೇಳಿದೆ: "ಕುಂಬಳಕಾಯಿ ಹುಳಿ ಮಾಡ್ಕೊ, ಬೆಲ್ಲ ಹಾಕಬೇಡ. ಗುಳಿಗೆ ಬಿಡಬೇಡ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳೋ ರಕ್ತಪರೀಕ್ಷೆ ಒಂದಿದೆ, ಡಾಕ್ಟರ್ ಹತ್ರ ಕೇಳಿ ಮಾಡಿಸು. ಜ್ಯೂಸಿನ ಮಹಿಮೆ ಏನಿದ್ದರೂ ಆ ಚೀಟಿಯಲ್ಲಿ ಕಾಣಲಿ."